ತಿಂಗಳ ಸಂಬಳ, ವರ್ಷದ ಲೆಕ್ಕ

ಮೊದಲ ಸಲ ಬಜೆಟ್ ಮಾಡಲು ಕೂತವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಕಾಫಿಗೆ. ದಿನಕ್ಕೆರಡು ಕಾಫಿ ಬಿಟ್ಟರೆ ಇಷ್ಟು, ತಿಂಗಳಿಗೆರಡು ಸಿನಿಮಾ ಬಿಟ್ಟರೆ ಅಷ್ಟು ಎಂದು ಕೂಡಿಸಿ, ಉಳಿಯುವ ಮೊತ್ತ ನೋಡಿ ಖುಷಿಪಡುತ್ತಾರೆ. ಮೂರನೇ ವಾರಕ್ಕೆ ಕಾಫಿ ವಾಪಸ್ ಬರುತ್ತದೆ, ಬಜೆಟ್ ಮೂಲೆ ಸೇರುತ್ತದೆ. ಕಾಫಿ ಕುಡಿದು ದಿವಾಳಿಯಾದವರನ್ನು ನಾನಂತೂ ನೋಡಿಲ್ಲ. ಸಂಬಳದಾರರ ಲೆಕ್ಕ ತಪ್ಪಿಸುವುದು ಜೂನ್‌ನಲ್ಲಿ ಕಟ್ಟಬೇಕಾದ ಫೀ, ಭಾದ್ರಪದಕ್ಕೆ ಬರುವ ಚೌತಿ, ವೈಶಾಖದಲ್ಲಿ ಸಾಲುಗಟ್ಟುವ ಮದುವೆಗಳು, ವರ್ಷಕ್ಕೊಮ್ಮೆ ನೆನಪಾಗುವ ಗಾಡಿ ಇನ್ಶೂರೆನ್ಸು. ಇವುಗಳಲ್ಲಿ ಒಂದೂ ಆಕಸ್ಮಿಕವಲ್ಲ. ಮುಕ್ಕಾಲು ಪಾಲು ಗೋಡೆಯ ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತವೆ. ಆದರೂ ತಿಂಗಳ ಬಜೆಟ್ಟಿನಲ್ಲಿ ಅವಕ್ಕೊಂದು ಸಾಲು ಇರುವುದಿಲ್ಲ.

ವರ್ಷದ ಲೆಕ್ಕ ಎಂದರೇನೆಂದು ತಿಳಿಯಬೇಕಾದರೆ ಅಡಿಕೆ ತೋಟದವರ ಮನೆಗೆ ಹೋಗಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೊನೆಕೊಯ್ಲು ವರ್ಷಕ್ಕೊಂದು ಹಂಗಾಮಿನ ಕೆಲಸ. ಕೆಲವರು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ, ಕೆಲವರು ಅಂಗಳದಲ್ಲಿ ಒಣಗಿಸಿ ಸುಲಿದು ಚಾಲಿ ಮಾಡುತ್ತಾರೆ, ರೇಟು ನೋಡಿಕೊಂಡು ಸೊಸೈಟಿಗೆ ಹಾಕುತ್ತಾರೆ. ಶಿರಸಿಯ ಟಿ.ಎಸ್.ಎಸ್. ಎಂಬ ತೋಟಗಾರರ ಮಾರಾಟ ಸೊಸೈಟಿ ಶುರುವಾದದ್ದೇ 1923ರಲ್ಲಿ. ಅಲ್ಲಿ ನಾಲ್ಕು ತಲೆಮಾರಿನಿಂದ ಇದೇ ಕ್ರಮ. ದುಡ್ಡು ಕೆಲವೇ ಸಲ ಬರುತ್ತದೆ, ಹನ್ನೆರಡು ತಿಂಗಳೂ ಹೋಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚು, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಕೂಲಿ, ಮಳೆಗಾಲದ ದಾಸ್ತಾನು, ಮಕ್ಕಳ ಹಾಸ್ಟೆಲ್ ಫೀ, ಎಲ್ಲವೂ ಅಡಿಕೆ ಮಾರಿದ ದಿನವೇ ಯಜಮಾನನ ತಲೆಯಲ್ಲಿ ಸಾಲಾಗಿ ನಿಂತಿರುತ್ತವೆ. ತೋಟದವರೆಲ್ಲ ಲೆಕ್ಕದಲ್ಲಿ ನಿಪುಣರು ಎಂದಲ್ಲ. ರೇಟು ಬಿದ್ದ ವರ್ಷ ಸಾಲ ಮಾಡಿದವರು ಬೇಕಷ್ಟಿದ್ದಾರೆ. ಆದರೆ ಒಂದು ವರ್ಷ ಎಷ್ಟು ಉದ್ದ ಎಂಬುದು ಅವರಿಗೆ ಗೊತ್ತು. ಅದೇ ಮನೆಯ ಮಗಳು ಬೆಂಗಳೂರಿಗೆ ಬಂದು ತಿಂಗಳ ಸಂಬಳ ಎಣಿಸತೊಡಗಿದ ಕೂಡಲೇ ಆ ಅಳತೆ ಮೂವತ್ತು ದಿನಕ್ಕೆ ಇಳಿದುಬಿಡುತ್ತದೆ.

ಅಂಥ ಒಬ್ಬ ಹುಡುಗಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಶಿರಸಿ ಕಡೆಯವಳು, ಡಿಗ್ರಿ ಮುಗಿದಿದೆ, ಬೆಂಗಳೂರಿನಲ್ಲಿ ಮೊದಲ ಕೆಲಸ, ಪಿ.ಜಿ.ಯಲ್ಲಿ ವಾಸ. ಆಫರ್ ಲೆಟರಿನಲ್ಲಿ ವರ್ಷಕ್ಕೆ 4,20,000 ಎಂದಿತ್ತು. ಹನ್ನೆರಡರಿಂದ ಭಾಗಿಸಿದರೆ 35,000. ಊರಿಗೆ ಫೋನ್ ಮಾಡಿ ಮೂವತ್ತೈದು ಸಾವಿರ ಸಂಬಳ ಎಂದು ಹೇಳಿಯೂ ಆಯಿತು. ತಿಂಗಳ ಕೊನೆಗೆ ಖಾತೆಗೆ ಬಿದ್ದದ್ದು ಸುಮಾರು 30,300.

ಮಿಕ್ಕದ್ದು ಎಲ್ಲಿ ಹೋಯಿತು ಎಂದು ಹೊಸಬರು ಯಾರನ್ನೂ ಕೇಳುವುದಿಲ್ಲ, ನಾಚಿಕೆ. ಪೇ ಸ್ಲಿಪ್ ಬಿಡಿಸಿ ನೋಡಿದರೆ ಸಾಕು. ಆ 35,000ದಲ್ಲಿ ಮೂಲ ವೇತನ 17,500 ಎಂದಿಟ್ಟುಕೊಳ್ಳಿ. ಕಂಪನಿ ತನ್ನ ಪಾಲಿನ ಪಿ.ಎಫ್. ಅನ್ನೂ ಸಿ.ಟಿ.ಸಿ. ಎನ್ನುವ ಈ ಒಟ್ಟು ಮೊತ್ತದ ಒಳಗೇ ಸೇರಿಸಿರುತ್ತದೆ, 15,000 ಮಿತಿಯ ಮೇಲೆ ಶೇ 12ರಂತೆ ಲೆಕ್ಕ ಹಾಕುವ ಕಂಪನಿಯಾದರೆ ಅದು 1,800. ಗ್ರಾಚ್ಯುಟಿ ಎಂದು ಸುಮಾರು 840 ತೆಗೆದಿಟ್ಟಿರುತ್ತದೆ. ಅದು ಕೈಗೆ ಬರುವುದು ಕೆಲಸ ಬಿಡುವಾಗ, ಅದೂ ನಿಯಮದಷ್ಟು ವರ್ಷ ದುಡಿದಿದ್ದರೆ. ಇನ್ನು ಅವಳ ಪಾಲಿನ ಪಿ.ಎಫ್. ಮತ್ತೊಂದು 1,800. ವೃತ್ತಿ ತೆರಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಬಜೆಟ್ಟಿನ ಮೊದಲ ಸಾಲಿನಲ್ಲಿ ಬರೆಯಬೇಕಾದ ಸಂಖ್ಯೆ ಈ 30,300. ಮೂವತ್ತೈದು ಸಾವಿರದ ಮೇಲೆ ಬಾಡಿಗೆ, ಕಂತು, ಆಸೆ ಎಲ್ಲವನ್ನೂ ಕಟ್ಟಿದವರು ಮೊದಲ ದಿನವೇ ಐದು ಸಾವಿರ ಹಿಂದೆ ಬಿದ್ದಿರುತ್ತಾರೆ.

ಇದರಲ್ಲೊಂದು ಸಮಾಧಾನವೂ ಇದೆ. ಕಂಪನಿಯ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ, ಉಳಿದ 550 ಮತ್ತು ಅವಳ 1,800 ಸೇರಿ ತಿಂಗಳಿಗೆ 2,350 ಪಿ.ಎಫ್. ಖಾತೆಗೆ ಜಮಾ ಆಗುತ್ತಿರುತ್ತದೆ. ನಾನಿನ್ನೂ ಒಂದು ಪೈಸೆ ಉಳಿಸಿಲ್ಲ ಎಂದು ಕೊರಗುವ ಹೊಸ ನೌಕರರು ಪಿ.ಎಫ್. ಪಾಸ್‌ಬುಕ್ ಒಮ್ಮೆ ತೆರೆದು ನೋಡಬೇಕು. ಕೆಲಸ ಬದಲಿಸಿದಾಗೆಲ್ಲ ಅದನ್ನು ಬಿಡಿಸಿಕೊಂಡು ಖರ್ಚು ಮಾಡುವ ಚಾಳಿ ಮಾತ್ರ ಬೇಡ.

ಎರಡನೆಯ ಕೆಲಸ, ಹಿಂದಿನ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಳ್ಳುವುದು. ನಾಳೆಯಿಂದ ದಿನವೂ ಖರ್ಚು ಬರೆದಿಡುತ್ತೇನೆ ಎಂಬ ಶಪಥದ ಮೇಲೆ ನನಗೆ ನಂಬಿಕೆ ಇಲ್ಲ. ಡೈರಿಯ ಮೊದಲ ಹತ್ತು ಪುಟ ಮಾತ್ರ ತುಂಬಿರುವುದನ್ನು ಎಲ್ಲರ ಮನೆಯಲ್ಲೂ ನೋಡಬಹುದು. ಯು.ಪಿ.ಐ. ಬಂದ 2016ರಿಂದ ಈಚೆಗೆ ನಾವು ಬರೆಯದಿದ್ದರೂ ಬ್ಯಾಂಕು ಬರೆಯುತ್ತಿದೆ. ಆದರೆ ಆ ಪಟ್ಟಿ ಓದುವುದೂ ಸುಲಭವಲ್ಲ. 40 ರೂಪಾಯಿ, ಮಂಜುನಾಥ. 130 ರೂಪಾಯಿ, ಲಕ್ಷ್ಮಮ್ಮ. 85 ರೂಪಾಯಿ, ಮತ್ತೆ ಮಂಜುನಾಥ, ಅದು ಅದೇ ಮಂಜುನಾಥನೋ ಬೇರೆಯೋ ತಿಳಿಯದು. ಬೇಕರಿಯವನೋ, ಆಟೋದವನೋ, ಸೊಪ್ಪು ಮಾರುವಾಕೆಯೋ? ಕ್ಯು.ಆರ್. ಫಲಕದಲ್ಲಿ ಅಂಗಡಿಯ ಹೆಸರಿದ್ದರೂ ಖಾತೆ ಇರುವುದು ಮಾಲೀಕರ ಹೆಸರಿನಲ್ಲಿ. ಇಂಥ ಸಾಲುಗಳನ್ನು ಒಂದೊಂದಾಗಿ ಪತ್ತೆ ಮಾಡುವ ಗೋಜಿಗೆ ಹೋಗಬೇಡಿ. ಇನ್ನೂರು ರೂಪಾಯಿ ಒಳಗಿನದೆಲ್ಲ ಕೂಡಿಸಿ ಚಿಲ್ಲರೆ ಎಂದು ಒಂದೇ ಸಾಲು ಬರೆಯಿರಿ. ಆ ಮೊತ್ತ ನೋಡಿ ಗಾಬರಿಯಾಗುವುದು ಸಹಜ. ಅದಕ್ಕೆ ಮದ್ದು ಮುಂದೆ ಹೇಳುತ್ತೇನೆ.

ಮೂರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ಕಾಣದ ಖರ್ಚುಗಳೇ ಈ ಲೇಖನದ ವಿಷಯ. ಒಂದು ಹಾಳೆ ತೆಗೆದುಕೊಂಡು, ಕ್ಯಾಲೆಂಡರ್ ಎದುರಿಗಿಟ್ಟುಕೊಂಡು, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಡೆಯಬೇಕು. ನಮ್ಮ ಹುಡುಗಿಯ ಹಾಳೆ ಹೀಗಿರಬಹುದು. ಯುಗಾದಿ, ಚೌತಿ, ದೀಪಾವಳಿಗೆ ಮನೆಮಂದಿಗೆ ಬಟ್ಟೆ, ಉಡುಗೊರೆ: 10,000. ಮದುವೆ, ಉಪನಯನ, ಗೃಹಪ್ರವೇಶದ ಉಡುಗೊರೆಗೆ 8,000. ತಮ್ಮನ ಕಾಲೇಜು ಫೀಯಲ್ಲಿ ತನ್ನ ಪಾಲು 15,000. ಊರಿಗೆ ನಾಲ್ಕು ಸಲ ಸ್ಲೀಪರ್ ಬಸ್ಸಿನಲ್ಲಿ ಹೋಗಿ ಬರಲು 7,200. ಕನ್ನಡಕ, ಹಲ್ಲಿನ ಡಾಕ್ಟರು ಎಂದು 5,000.

ಫೋನ್ ರೀಚಾರ್ಜ್ ಹತ್ತಿರ ಸ್ವಲ್ಪ ನಿಲ್ಲಬೇಕು. ಅದನ್ನು ತಿಂಗಳ ಖರ್ಚು ಎಂದು ನಾವೆಲ್ಲ ತಿಳಿದಿದ್ದೇವೆ. 28 ದಿನದ ಪ್ಯಾಕ್ ಹಾಕಿಸುವವರಿಗೆ ವರ್ಷದಲ್ಲಿ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. 350ರ ಪ್ಯಾಕ್ ಆದರೆ 4,550. ಹಾಗೆಯೇ ಮೊಬೈಲ್ ಹ್ಯಾಂಡ್‌ಸೆಟ್. ಹದಿನೆಂಟು ಸಾವಿರದ ಫೋನು ಮೂರು ವರ್ಷ ಬಾಳುತ್ತದೆ ಎಂದರೆ ವರ್ಷಕ್ಕೆ 6,000 ಅದರ ಪಾಲು. ಈಗಿನಿಂದಲೇ ಎತ್ತಿಟ್ಟರೆ ಅದು ಬಿದ್ದು ಒಡೆದ ದಿನ ಕಂತಿನ ಅಂಗಡಿಗೆ ಓಡಬೇಕಿಲ್ಲ.

ವರ್ಷದ ಪಟ್ಟಿಗೂ ಸಿಗದ ಖರ್ಚೊಂದು ಶಿರಸಿಯವರಿಗೆ ಇದೆ. ಮಾರಿಕಾಂಬೆಯ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ಮನೆ ತುಂಬ ನೆಂಟರು, ಪೇಟೆ ತುಂಬ ಅಂಗಡಿ. ಜಾತ್ರೆಗೆ 5,000 ಎಂದು ಹಿಡಿದರೆ ವರ್ಷಕ್ಕೆ 2,500. ಕೊನೆಗೆ ಎರಡು ಸಣ್ಣ ವಿಮೆ: ಪ್ರಧಾನಮಂತ್ರಿ ಜೀವನ ಜ್ಯೋತಿಗೆ 436, ಸುರಕ್ಷಾ ಅಪಘಾತ ವಿಮೆಗೆ 20. ಎರಡೂ ತಲಾ 2 ಲಕ್ಷದ ರಕ್ಷಣೆ ಕೊಡುತ್ತವೆ. ಜೂನ್ 1ಕ್ಕೆ ನವೀಕರಣ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಕಂತು ಕಡಿತವಾಗದೆ ವಿಮೆ ನಿಂತುಹೋಗಬಹುದು.

ಎಲ್ಲ ಕೂಡಿಸಿದರೆ 58,706. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 4,900ರ ಹತ್ತಿರ. ಕೈಗೆ ಬರುವ ಸಂಬಳದ ಸುಮಾರು ಆರನೇ ಒಂದು ಪಾಲು. ಇಷ್ಟು ದೊಡ್ಡ ಖರ್ಚನ್ನು ಲೆಕ್ಕಕ್ಕೇ ಹಿಡಿಯದೆ, ಕಾಫಿ ಬಿಟ್ಟು ಉಳಿಸುತ್ತೇನೆ ಎಂದರೆ ಲೆಕ್ಕ ಹೇಗೆ ಕೂಡಬೇಕು?

ಈ 4,900 ಸಂಬಳ ಬಂದ ಮಾರನೆಯ ದಿನವೇ ಬೇರೆ ಖಾತೆಗೆ ಹೋಗಬೇಕು. ಸಾದಾ ಉಳಿತಾಯ ಖಾತೆ ಸಾಕು. ಅದಕ್ಕೆ ಯು.ಪಿ.ಐ. ಜೋಡಿಸಬಾರದು, ಅದರ ಎ.ಟಿ.ಎಂ. ಕಾರ್ಡು ಪರ್ಸಿನಲ್ಲಿರಬಾರದು. ತಿಂಗಳು ತಿಂಗಳು ಕಟ್ಟುವ ಆರ್.ಡಿ. ಮಾಡಬಹುದಲ್ಲ ಎನ್ನುವವರಿದ್ದಾರೆ. ಫೀಯೂ ಹಬ್ಬವೂ ಒಂದೇ ದಿನ ಬರುವುದಿಲ್ಲವಾದ್ದರಿಂದ ಈ ದುಡ್ಡಿಗೆ ಆರ್.ಡಿ. ಹೊಂದುವುದಿಲ್ಲ. ಅಂಚೆ ಕಚೇರಿಯ ಆರ್.ಡಿ. ಅಂತೂ 5 ವರ್ಷದ್ದು, 3 ವರ್ಷ ತುಂಬುವ ತನಕ ಮುಚ್ಚಲು ಬರುವುದಿಲ್ಲ. ಅದು ಬೇರೆ ಉದ್ದೇಶಕ್ಕೆ ಒಳ್ಳೆಯದು, ಚೌತಿಗಲ್ಲ.

ಮೊದಲ ವರ್ಷ ಒಂದು ತೊಡಕು ಖಂಡಿತ ಬರುತ್ತದೆ. ಮೇ ತಿಂಗಳಲ್ಲಿ ಶುರು ಮಾಡಿದವಳ ಖಾತೆಯಲ್ಲಿ ಜೂನ್ ಹೊತ್ತಿಗೆ ಹತ್ತು ಸಾವಿರವೂ ಇರುವುದಿಲ್ಲ, ತಮ್ಮನ ಫೀ ಮಾತ್ರ ಬಾಗಿಲಲ್ಲಿ ನಿಂತಿರುತ್ತದೆ. ಆಗ ಹೊಸ ಬಜೆಟ್ ಮುರಿಯಿತು ಎಂದು ಕೈಬಿಡುವುದು ಬೇಡ. ಆ ವರ್ಷದ ಮಟ್ಟಿಗೆ ಹೊಸ ಫೋನು, ಹಬ್ಬದ ಬಟ್ಟೆ ಮುಂದಕ್ಕೆ ಹೋಗುತ್ತವೆ, ಫೀ ಎರಡು ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳಬೇಕಾಗುತ್ತದೆ. ಎರಡನೆಯ ವರ್ಷ ಆ ಖಾತೆ ತನ್ನ ಕಾಲ ಮೇಲೆ ನಿಂತಿರುತ್ತದೆ.

ಈಗ ತಿಂಗಳ ಲೆಕ್ಕ. ಊಟ ಸೇರಿ ಪಿ.ಜಿ.ಗೆ 9,500. ಮನೆಗೆ 5,000. ವರ್ಷದ ಖಾತೆಗೆ 4,900. ಉಳಿತಾಯಕ್ಕೆ 3,000. ಒಟ್ಟು 22,400, ಕೈಯಲ್ಲಿ ಉಳಿದದ್ದು 7,900. ಬಸ್ಸಿನ ಸಾಲಿನಲ್ಲಿ ಸೊನ್ನೆ ಬರೆಯಬಹುದು, ಏಕೆಂದರೆ ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ. ಇದೇ ಸಂಬಳದ ಹುಡುಗನಿಗೆ ಆ ಸೌಲಭ್ಯವಿಲ್ಲ, ಅವನು ಪಾಸಿನ ದುಡ್ಡು ಬರೆಯಬೇಕು. ಮೆಟ್ರೊಗೆ ಇಬ್ಬರೂ ದುಡ್ಡು ಕೊಡಬೇಕು. 2025ರ ಫೆಬ್ರವರಿಯಲ್ಲಿ ದರ ಏರಿದಾಗ ಗರಿಷ್ಠ ಟಿಕೆಟ್ 90 ರೂಪಾಯಿಗೆ ಮುಟ್ಟಿತು. ಊರಿನ ಸ್ಲೀಪರ್ ಬಸ್ಸಿಗೂ ಶಕ್ತಿ ನಡೆಯುವುದಿಲ್ಲ. ಅದಕ್ಕೇ ಆ 7,200 ವರ್ಷದ ಪಟ್ಟಿಯಲ್ಲಿದೆ.

ಆಟೋ, ಚಹಾ, ಹೊರಗಿನ ತಿಂಡಿ, ಶ್ಯಾಂಪೂ, ಭಾನುವಾರದ ಸಿನಿಮಾ ಎಲ್ಲ ಆ 7,900ರಲ್ಲಿ. ಇದಕ್ಕೆ ತಿಂಗಳ ಗಡುವು ಇಟ್ಟರೆ ಮೊದಲ ವಾರ ರಾಜ, ನಾಲ್ಕನೇ ವಾರ ಸನ್ಯಾಸಿ. ವಾರದ ಗಡುವು ಇಡಬೇಕು. ವಾರಕ್ಕೆ 1,750 ಎಂದು ಮಾಡಿಕೊಂಡರೆ ನಾಲ್ಕು ಸೋಮವಾರದ ತಿಂಗಳಲ್ಲಿ 900 ಮಿಗುತ್ತದೆ. ಅದನ್ನು ಮುಟ್ಟದೆ ಬಿಡಬೇಕು, ಐದು ಸೋಮವಾರ ಬರುವ ತಿಂಗಳಲ್ಲಿ 850 ಕಡಿಮೆ ಬೀಳುತ್ತದೆ.

ಚಿಲ್ಲರೆಯ ಮದ್ದು ಎಂದೆನಲ್ಲ, ಅದು ಇಲ್ಲೇ ಇದೆ. ನಮ್ಮ ಅಡುಗೆಮನೆಗಳಲ್ಲಿ ಸಾಸಿವೆ ಡಬ್ಬಿಯಲ್ಲಿ ಒಂದಿಷ್ಟು, ಮೆಂತ್ಯದ ಡಬ್ಬಿಯಲ್ಲಿ ಒಂದಿಷ್ಟು ಎಂದು ದುಡ್ಡು ಬೇರೆಬೇರೆ ಇಡುತ್ತಿದ್ದರು. ಹಾಲಿನವನದು ಒಂದು ಕಡೆ, ಚೀಟಿಯದು ಇನ್ನೊಂದು ಕಡೆ, ಗಂಡನಿಗೆ ತಿಳಿಯದ್ದು ಮತ್ತೊಂದು ಕಡೆ. 2016ರ ನವೆಂಬರ್‌ನಲ್ಲಿ ಐನೂರು, ಸಾವಿರದ ನೋಟು ರದ್ದಾದಾಗ ಎಷ್ಟೋ ಡಬ್ಬಿಗಳ ಗುಟ್ಟು ರಟ್ಟಾಗಿ ಮನೆಗಳಲ್ಲಿ ನಗುವೂ ಜಗಳವೂ ಆದವು. ಆ ಕ್ರಮದ ಬಲ ಎಲ್ಲಿತ್ತೆಂದರೆ, ಡಬ್ಬಿ ಖಾಲಿಯಾದದ್ದು ಕಣ್ಣಿಗೆ ಕಾಣುತ್ತಿತ್ತು. ಫೋನಿನಲ್ಲಿ ಇಡೀ ಸಂಬಳವೇ ಒಂದು ಡಬ್ಬಿ. ಹತ್ತು ರೂಪಾಯಿ ಚಹಾಕ್ಕೂ ಅದರ ಮುಚ್ಚಳವನ್ನೇ ತೆರೆಯುತ್ತೇವೆ. ಇದಕ್ಕೆ ಯು.ಪಿ.ಐ. ಲೈಟ್ ಚೆನ್ನಾಗಿ ಒದಗುತ್ತದೆ. ಅದರಲ್ಲಿ 5,000ದವರೆಗೆ ತುಂಬಿಟ್ಟು, ಒಂದು ಸಲಕ್ಕೆ 1,000ದವರೆಗಿನ ಪಾವತಿಯನ್ನು ಪಿನ್ ಒತ್ತದೆ ಮಾಡಬಹುದು. ಪ್ರತಿ ಸೋಮವಾರ ಬೆಳಿಗ್ಗೆ 1,750 ತುಂಬಿ, ತಾನಾಗಿ ತುಂಬಿಕೊಳ್ಳುವ ಸೌಲಭ್ಯವಿದ್ದರೆ ಅದನ್ನು ನಿಲ್ಲಿಸಿಡಿ. ಶುಕ್ರವಾರಕ್ಕೇ ಮುಗಿದರೆ ಶನಿವಾರ ಪಿ.ಜಿ. ಊಟ. ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಮಂಜುನಾಥರ ಸಾಲು ಕಡಿಮೆಯಾಗಿ, ತುಂಬಿದ ಮೊತ್ತವಷ್ಟೇ ಉಳಿಯುತ್ತದೆ.

ಬಜೆಟ್ ಎಂದಾಕ್ಷಣ ಎಲ್ಲರೂ ಹೇಳುವ 50-30-20 ಸೂತ್ರವನ್ನು ಇಲ್ಲಿ ಯಾಕೆ ಹೇಳಲಿಲ್ಲ ಎಂದು ಕೆಲವರಿಗೆ ಅನ್ನಿಸಿರಬಹುದು. ಅಗತ್ಯಕ್ಕೆ ಅರ್ಧ, ಆಸೆಗೆ ಮೂವತ್ತು, ಉಳಿತಾಯಕ್ಕೆ ಇಪ್ಪತ್ತು. ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು 2005ರಲ್ಲಿ ಬರೆದ ಪುಸ್ತಕದಿಂದ ಅದು ಹೆಸರಾಯಿತು. ಸೂತ್ರ ಚೊಕ್ಕವಾಗಿದೆ. ಆದರೆ ಪ್ರತಿ ತಿಂಗಳೂ ಮನೆಗೆ ಐದು ಸಾವಿರ ಕಳಿಸುವ ಮಗಳು ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು? ಸೋದರತ್ತೆಯ ಮಗಳ ಮದುವೆಗೆ ಕೊಡುವ ಉಡುಗೊರೆ ಅಗತ್ಯವೋ ಆಸೆಯೋ? ಈ ಪ್ರಶ್ನೆ ಬಗೆಹರಿಸುವಷ್ಟರಲ್ಲಿ ತಿಂಗಳು ಮುಗಿದಿರುತ್ತದೆ. ಹೊಸಬರಿಗೆ ಶೇಕಡಾವಾರು ಲೆಕ್ಕಕ್ಕಿಂತ ತಾರೀಕು ಮುಖ್ಯ. ಯಾವ ದಿನ ಎಷ್ಟು ಬೇಕು ಎಂಬುದು ಗೊತ್ತಿದ್ದರೆ ಅದು ಅಗತ್ಯವೋ ಆಸೆಯೋ ಎಂಬ ವಾದ ಆಮೇಲೆ ಮಾಡಿಕೊಳ್ಳಬಹುದು.

ಉಳಿತಾಯದ 3,000 ಮೊದಲು ಆಪತ್ತಿನ ದುಡ್ಡಾಗಬೇಕು. ಆರು ತಿಂಗಳ ಖರ್ಚು ಎತ್ತಿಡಿ ಎಂದು ಎಲ್ಲ ಸಲಹೆಗಾರರೂ ಹೇಳುತ್ತಾರೆ. ಈ ಸಂಬಳದಲ್ಲಿ ಅದು ವರ್ಷಗಟ್ಟಲೆ ದೂರದ ಮಾತು. ಒಂದು ತಿಂಗಳ ಪಿ.ಜಿ. ಬಾಡಿಗೆ, ಊಟ, ಊರಿಗೆ ಹೋಗುವ ಟಿಕೆಟ್ಟಿಗೆ ಆಗುವಷ್ಟು ಮೊದಲು ಸೇರಲಿ. ಆಮೇಲೆ ಬೇಕಾದರೆ ಅಂಚೆ ಕಚೇರಿಯ ಆರ್.ಡಿ. ಅಥವಾ ಚೀಟಿ. ಚೀಟಿ ಎಂದರೆ ಮೂಗು ಮುರಿಯಬೇಕಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಗಳಿವೆ, ರಾಜ್ಯ ಸರ್ಕಾರದ ಎಂ.ಎಸ್.ಐ.ಎಲ್. ಕೂಡ ಚೀಟಿ ನಡೆಸುತ್ತದೆ. ಮೊದಲ ತಿಂಗಳುಗಳಲ್ಲೇ ಕೂಗಿ ಎತ್ತಿಕೊಂಡರೆ ಅದು ಸಾಲ, ಕೊನೆಯ ತನಕ ಕಾದರೆ ಉಳಿತಾಯ. ಆಫೀಸಿನ ಪರಿಚಯದವರು ನಡೆಸುವ ನೋಂದಣಿಯಿಲ್ಲದ ಚೀಟಿಗೆ ಮಾತ್ರ, ಎಷ್ಟೇ ದಾಕ್ಷಿಣ್ಯವಿದ್ದರೂ, ಬೇಡ ಎನ್ನಿ.

ಕ್ರೆಡಿಟ್ ಕಾರ್ಡಿನ ಬಗ್ಗೆ ಒಂದೇ ಲೆಕ್ಕ ಹೇಳುತ್ತೇನೆ. ಹಬ್ಬದ ಖರೀದಿಯ 20,000 ಬಾಕಿ ಇದೆ, ಬಿಲ್ಲಿನಲ್ಲಿ ಕನಿಷ್ಠ ಪಾವತಿ ಶೇ 5, ಅಂದರೆ 1,000. ಅಷ್ಟು ಕಟ್ಟಿ ನಿರಾಳವಾಗಿ ಕೂತಿದ್ದೀರಿ. ಬಡ್ಡಿ ತಿಂಗಳಿಗೆ ಶೇ 3.5 ಎಂದು ಹಿಡಿದರೆ 700, ಅದರ ಮೇಲೆ ಶೇ 18 ಜಿ.ಎಸ್.ಟಿ. 126. ಕಟ್ಟಿದ ಸಾವಿರದಲ್ಲಿ 826 ಬಡ್ಡಿಗೇ ಹೋಗಿ, ಅಸಲಿನಲ್ಲಿ ಕಡಿಮೆಯಾದದ್ದು 174 ರೂಪಾಯಿ. ಇಂಥ ಬಾಕಿ ಇದ್ದವರು ಮೇಲೆ ಹೇಳಿದ ಉಳಿತಾಯವನ್ನೆಲ್ಲ ನಿಲ್ಲಿಸಿ ಮೊದಲು ಅದನ್ನು ತೀರಿಸಬೇಕು. ವರ್ಷಕ್ಕೆ ಶೇ 42 ಬಡ್ಡಿ ಕೊಡುತ್ತ ಶೇ 6-7ರ ಆರ್.ಡಿ. ಕಟ್ಟುವುದರಲ್ಲಿ ಅರ್ಥವಿಲ್ಲ.

ಸಂಬಳವೇ ಇಲ್ಲದವರು, ಅಂದರೆ ಆಟೋ ಓಡಿಸುವವರು, ಹೊಲಿಗೆಯವರು, ಡೆಲಿವರಿ ಹುಡುಗರು ಏನು ಮಾಡಬೇಕು? ಕಳೆದ ಆರು ತಿಂಗಳಲ್ಲಿ ಅತಿ ಕಡಿಮೆ ಸಂಪಾದನೆಯಾದ ತಿಂಗಳನ್ನೇ ಸಂಬಳ ಎಂದು ಬರೆದುಕೊಳ್ಳಬೇಕು. ಅದಕ್ಕಿಂತ ಹೆಚ್ಚು ಬಂದದ್ದೆಲ್ಲ ವರ್ಷದ ಖಾತೆಗೆ. ನಿಜ ಹೇಳಬೇಕೆಂದರೆ ಇವರಲ್ಲಿ ಅನೇಕರು ಸಂಬಳದಾರರಿಗಿಂತ ಚೆನ್ನಾಗಿ ಇದನ್ನು ಮಾಡುತ್ತಿದ್ದಾರೆ. ಆಷಾಢದಲ್ಲಿ ಕೆಲಸ ಕಡಿಮೆ, ಶ್ರಾವಣದಿಂದ ದೀಪಾವಳಿಯ ತನಕ ಕೈತುಂಬ ಕೆಲಸ ಎಂಬುದು ಬ್ಲೌಸ್ ಹೊಲಿಯುವಾಕೆಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಆ್ಯಪ್ ಯಾವುದು, ಎಕ್ಸೆಲ್ ಬೇಕೇ ಎಂಬ ಚರ್ಚೆ. ಯಾವುದಾದರೂ ಆದೀತು. ಎರಡು ಖಾತೆ, ಒಂದು ಯು.ಪಿ.ಐ. ಲೈಟ್, ಒಂದು ಹಾಳೆ, ಇಷ್ಟಕ್ಕೆ ಆ್ಯಪ್ ಬೇಡವೇ ಬೇಡ ಎಂಬುದು ನನ್ನ ಮತ. ಮೊದಲ ಮೂರು ತಿಂಗಳು ಹಾಳೆಯ ಸಂಖ್ಯೆಗಳು ತಪ್ಪುತ್ತವೆ. ವಾರದ 1,750 ಸಾಲುವುದಿಲ್ಲ, ಮದುವೆಯ 8,000 ಹೆಚ್ಚೆನಿಸುತ್ತದೆ. ತಿಂಗಳ ಕೊನೆಯ ಭಾನುವಾರ ಕೂತು ತಪ್ಪಿದ ಸಂಖ್ಯೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ಹಾಳೆ ಬದಲಿಸಬೇಡಿ, ಹಳೆಯ ಸಂಖ್ಯೆ ಕಾಣುತ್ತಿದ್ದರೆ ಒಳ್ಳೆಯದು.

ಹಾಳೆ ಶುರು ಮಾಡುವವರು ಇವತ್ತೇ ಊರಿಗೊಂದು ಫೋನ್ ಮಾಡಿ. ತಮ್ಮನ ಫೀ ಕಟ್ಟಲು ಕೊನೆಯ ದಿನ ಯಾವುದು, ಮನೆಯಲ್ಲಿ ಈ ವರ್ಷ ಯಾವ ಯಾವ ಕಾರ್ಯಗಳಿವೆ, ಜಾತ್ರೆ ಈ ಸಲವೋ ಮುಂದಿನ ಸಲವೋ ಎಂದು ಕೇಳಿ, ತಾರೀಕು ಸಮೇತ ಬರೆದುಕೊಳ್ಳಿ.